ಎರಡು ರೂಪಾಯಿಯ ಆಳ

ನಮ್ಮ ಸಿರುಗುಪ್ಪದ ಕಡೆ ಹಳಬರು ‘ಈಜುವುದು’ ಎನ್ನುವುದಿಲ್ಲ, ‘ಈಸು ಬೀಳುವುದು’ ಎನ್ನುತ್ತಾರೆ. ನನ್ನ ವಿಷಯದಲ್ಲಿ ಈ ಮಾತು ತಿರುಗುಮುರುಗಾಗಿತ್ತು. ಬಿದ್ದದ್ದು ಮೊದಲು, ಈಸಿದ್ದು ಆಮೇಲೆ. ನನಗೆ ಎಂಟು ವರ್ಷವಿದ್ದಾಗ ಸೋದರಮಾವ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹೊಲದ ಬಾವಿಯ ಮೆಟ್ಟಿಲ ಮೇಲೆ ನಿಲ್ಲಿಸಿ, “ಅಗೋ ನೋಡು, ಆಮೆ” ಎಂದ. ಬಗ್ಗಿ ನೋಡಿದೆ. ಆಮೆ ಇರಲಿಲ್ಲ, ಬೆನ್ನ ಹಿಂದೆ ಮಾವನ ಕೈ ಇತ್ತು. ಹೊಟ್ಟೆ ತುಂಬ ನೀರು ಕುಡಿದು, ಕೈಕಾಲು ಬಡಿದು ಹೇಗೋ ಮೆಟ್ಟಿಲು ಹಿಡಿದೆ. ಅಂದಿನಿಂದ ನಾನು ಈಜು ಬಲ್ಲವನು ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ.

ಬಳ್ಳಾರಿಯ ಮೇ ತಿಂಗಳಿನಲ್ಲಿ ಏಳು ವರ್ಷದ ಮಗಳನ್ನು ಈಜು ಶಿಬಿರಕ್ಕೆ ಸೇರಿಸಿದೆವು. ಬಿಸಿಲೊಂದೇ ಕಾರಣವಲ್ಲ. ಊರಿಗೆ ಹೋದರೆ ಅವಳ ಆಟವೆಲ್ಲ ತುಂಗಭದ್ರಾ ಕಾಲುವೆಯ ದಂಡೆಯ ಮೇಲೆ. ಆ ಇಳಿಜಾರು ಗೋಡೆಗೆ ಪಾಚಿ ಕಟ್ಟಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಅಲ್ಲಿ ಕಲಿಯುವ ಮಾತೇ ಇಲ್ಲ.

ಮೊದಲ ದಿನ ಮಗಳು ಮೆಟ್ಟಿಲಿನ ಕಂಬಿಯನ್ನು ಹಲ್ಲಿಯಂತೆ ಅಪ್ಪಿಕೊಂಡು ನಿಂತಳು. ಕಲಿಸುವ ಮೇಡಂ ಅವಳನ್ನು ಬಿಡಿಸಲು ಹೋಗಲೇ ಇಲ್ಲ. ಪಕ್ಕದಲ್ಲಿ ಕುಳಿತು, “ಬಿಸಿ ಅಂಬಲಿ ಆರಿಸಿದ ಹಾಗೆ ನೀರನ್ನು ಊದು ನೋಡೋಣ” ಎಂದರು. ಮೂರು ದಿನ ಬರೀ ಊದಿದ್ದೇ ಆಯಿತು. ಮೊದಲು ತುಟಿ, ಆಮೇಲೆ ಮೂಗು, ಆಮೇಲೆ ಇಡೀ ಮುಖ ಮುಳುಗಿಸಿ ಗುಳುಗುಳು. ಶುಲ್ಕ ಕಟ್ಟಿದ ನನಗೆ ತಡೆಯಲಾಗಲಿಲ್ಲ. ಅಂಬಲಿ ಊದುವುದನ್ನು ಮನೆಯಲ್ಲೇ ಕಲಿಸಬಹುದಿತ್ತಲ್ಲ! ನಾಲ್ಕನೆಯ ದಿನ ದಡದಲ್ಲಿ ನಿಂತು, “ಕೈ ಬಡಿ, ಕಾಲು ಬಡಿ” ಎಂದು ಕೂಗತೊಡಗಿದೆ. ಮಗಳು ಬೆದರಿ ಮತ್ತೆ ಕಂಬಿ ಹಿಡಿದಳು.

“ಸರ್, ನಿಮಗೆ ಈಜು ಬರುತ್ತದೆಯೇ?” ಎಂದು ಮೇಡಂ ಕೇಳಿದರು.

“ಬಾವಿಯಲ್ಲಿ ಕಲಿತವನು” ಎಂದೆ, ಎದೆ ಉಬ್ಬಿಸಿ.

“ಹಾಗಾದರೆ ನಾಳೆ ನೀವೂ ಇಳಿಯಿರಿ. ಅಪ್ಪನನ್ನು ನೋಡಿದರೆ ಅವಳಿಗೂ ಧೈರ್ಯ ಬರುತ್ತದೆ.”

ಮರುದಿನ ರಬ್ಬರ್ ಟೋಪಿಯೊಂದಿಗೆ ಐದು ನಿಮಿಷ ಗುದ್ದಾಡಿದೆ. ತಲೆಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯ ಮೇಲೆ ಅದು ನಿಲ್ಲಲಿಲ್ಲ. ಚಿಮ್ಮಿ ನೀರಿಗೆ ಹಾರಿತು, ಯಾವುದೋ ಮಗು “ಕಪ್ಪೆ!” ಎಂದು ಕಿರುಚಿತು. ಮಾನ ಉಳಿಸಿಕೊಳ್ಳಲು ನಾನೂ ಹಾರಿದೆ. ಚಡ್ಡಿಯ ಎರಡೂ ಜೇಬುಗಳಿಗೆ ಗಾಳಿ ತುಂಬಿ ಪೂರಿಯಂತೆ ಉಬ್ಬಿದವು.

“ಈಗ ಅಂಗಾತ ಮಲಗಿ ತೇಲಿ” ಎಂದರು ಮೇಡಂ. ಬಾವಿಯ ಪಠ್ಯದಲ್ಲಿ ಈ ಪಾಠ ಇರಲಿಲ್ಲ. ನನಗೆ ಗೊತ್ತಿದ್ದದ್ದು ಕತ್ತು ಎತ್ತಿ, ಕಣ್ಣು ಮುಚ್ಚಿ, ಬೆನ್ನಟ್ಟಿಸಿಕೊಂಡ ನಾಯಿಯಂತೆ ಬಡಿಯುವುದು ಮಾತ್ರ. ಕಿವಿಗೆ ನೀರು ತಾಕಿದ್ದೇ ತಡ, ತಲೆ ಎತ್ತಿದೆ. ತಲೆ ಎದ್ದರೆ ಕಾಲು ಇಳಿಯುತ್ತದೆ, ತಕ್ಕಡಿಯ ಹಾಗೆ. ಕುಳಿತ ಭಂಗಿಯಲ್ಲೇ ಗಂಭೀರವಾಗಿ ಮುಳುಗಿದೆ. ಎದೆಯಷ್ಟೇ ಆಳವಿತ್ತು, ಎನ್ನುವುದನ್ನು ಮನೆಯಲ್ಲಿ ಹೇಳಿಲ್ಲ.

ಕೆಮ್ಮುತ್ತಾ ಎದ್ದಾಗ ಕೇಳಿಸಿದ್ದು ಮಗಳ ನಗು. ಅವಳು ಕಂಬಿಯನ್ನು ಬಿಟ್ಟಿದ್ದಳು. ಮೆಟ್ಟಿಲಿಳಿದು ಬಂದು, “ಅಪ್ಪಾ, ಹೀಗಲ್ಲ. ಉಸಿರು ತುಂಬಿಕೋ, ಕಿವಿ ನೀರಿನಲ್ಲಿರಲಿ, ಮೇಲೆ ನೋಡು” ಎಂದು, ಮೇಡಂ ಕೈಯ ಆಸರೆಯಲ್ಲಿ ಕೈಕಾಲು ಚಾಚಿ ಮಲಗಿ ತೋರಿಸಿದಳು. ಸೋರೆಬುರುಡೆಯ ಗುಟ್ಟೂ ಇದೇ ಇರಬೇಕು, ಒಳಗಿನ ಗಾಳಿ. ಮಾವ ಬುರುಡೆ ಕಟ್ಟಿದ, ನನ್ನ ಎದೆಯೊಳಗೇ ಎರಡು ಬುರುಡೆಗಳಿವೆ ಎಂದು ಹೇಳಲಿಲ್ಲ.

ಈಗ ಮಗಳು ದೊಡ್ಡವರ ಕೊಳದಲ್ಲಿ ಅಡ್ಡಡ್ಡ ಈಜುತ್ತಾಳೆ, ಹೊರಗೆ ಬಂದು ಹಸಿವೆ ಎಂದು ಎರಡು ತಟ್ಟೆ ಮಿರ್ಚಿ ಒಗ್ಗರಣೆ ಮುಗಿಸುತ್ತಾಳೆ. ನಾನು ಬೆಳಿಗ್ಗೆ ಆರೂವರೆಯ ಚಿಕ್ಕ ಮಕ್ಕಳ ಗುಂಪಿನಲ್ಲಿದ್ದೇನೆ. ಮೇಡಂ ತಳಕ್ಕೆ ಎರಡು ರೂಪಾಯಿ ನಾಣ್ಯಗಳನ್ನು ಎಸೆಯುತ್ತಾರೆ, ಮುಳುಗಿ ಹೆಕ್ಕಬೇಕು. ತೇಲು ಎಂದಾಗ ಮುಳುಗಿದ ಈ ಮೈ, ಮುಳುಗು ಎಂದರೆ ಬೆಂಡಿನಂತೆ ಮೇಲೇಳುತ್ತದೆ. “ಅಂಕಲ್, ಉಸಿರು ಹಿಡಿದರೆ ಆಗಲ್ಲ, ಬಿಡಬೇಕು” ಎಂದು ಐದು ವರ್ಷದ ಹುಡುಗನೊಬ್ಬ ದಿನವೂ ತಿದ್ದುತ್ತಾನೆ. ಅವನ ಲೆಕ್ಕದಲ್ಲಿ ಹದಿನಾಲ್ಕು ರೂಪಾಯಿ ಜಮೆಯಾಗಿದೆ. ನನ್ನದು ಇನ್ನೂ ಬೋಣಿಯಾಗಿಲ್ಲ.