ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮೆಂತ್ಯ

ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಬುದ್ಧಿ ಹೇಳುವವರಿಗೆ ಒಂಬತ್ತನೇ ಕ್ಲಾಸಿನ ಮಕ್ಕಳ ಸಹವಾಸ ಇರಲಿಕ್ಕಿಲ್ಲ. ಅವರಿಗೆ ಒಂದೇ ಕೆಲಸ ಕೊಟ್ಟು ನೋಡಿ. ಅದರಿಂದ ತಪ್ಪಿಸಿಕೊಂಡು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಎರಡು ಕೊಟ್ಟರೆ, ಒಂದರಿಂದ ತಪ್ಪಿಸಿಕೊಳ್ಳುವ ನೆಪದಲ್ಲಿ ಇನ್ನೊಂದನ್ನು ಮಾಡುತ್ತಾರೆ. ಹೀಗೆ ಕಳ್ಳಾಟ ಆಡುತ್ತ ಆಡುತ್ತ ಎರಡೂ ಮುಗಿದುಹೋಗುತ್ತವೆ.

ನನ್ನ ತಂಗಿಯ ಮಗಳು ಮತ್ತವಳ ಗುಂಪಿಗೆ ಈ ಸಲ ಅಂಥ ಯೋಗ ಬಂದಿತ್ತು. ಕ್ಲಾಸಿನ ಪ್ರಾಜೆಕ್ಟಿಗೆ ಹತ್ತು ನಿಮಿಷದ ಒಂದು ರೇಡಿಯೋ ಕಾರ್ಯಕ್ರಮ ಮಾಡಬೇಕು. ಚೆನ್ನಾಗಿ ಬಂದರೆ ಹತ್ತಿರದ ಸಮುದಾಯ ರೇಡಿಯೋದವರು ಹಾಕುತ್ತಾರಂತೆ. ಇತ್ತ ಬಡಾವಣೆಯ ಕೈತೋಟಕ್ಕೆ ದುಡ್ಡು ಎತ್ತಬೇಕು. ಕೈತೋಟ ಅಂದರೆ ನೀರಿನ ಟ್ಯಾಂಕಿನ ಹಿಂದೆ ಪಾಳು ಬಿದ್ದಿದ್ದ ಜಾಗ. ಬೀದಿಯವರೂ ಶಾಲೆ ಮಕ್ಕಳೂ ಸೇರಿ ಮೆಂತ್ಯ, ದಂಟು, ಪಾಲಕ್ ಹಾಕಿದ್ದಾರೆ. ಮೊದಲ ಬೆಳೆಯನ್ನು ಬೀದಿ ದನಗಳು ಬುಡಸಮೇತ ಮುಗಿಸಿದವು. ಹಾಗಾಗಿ ಈಗ ತಂತಿ ಬೇಲಿ ಆಗಲೇಬೇಕು. ಬೇಲಿಗೆ ದುಡ್ಡು ಬೇಕು. ದುಡ್ಡಿಗೆ ಮಕ್ಕಳ ಸಂತೆ.

ಮಕ್ಕಳ ಸಂತೆ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಮೆಟ್ರಿಕ್ ಮೇಳ ಅಂತಲೂ ಕರೆಯುತ್ತಾರೆ. ಮನೆಯಿಂದ ತರಕಾರಿ ತಂದು, ತಕ್ಕಡಿ ಹಿಡಿದು, ಚಿಲ್ಲರೆ ಎಣಿಸಿ ಲೆಕ್ಕ ಕಲಿಯುವುದು. ಮೇಷ್ಟ್ರೇ ಗಿರಾಕಿಯಾಗಿ ಬಂದು ಚೌಕಾಸಿ ಮಾಡುವುದು ಅದರ ಮಜಾ. ರೇಡಿಯೋ ಕೂಡ ಶಾಲೆಗೆ ಹೊಸದಲ್ಲ. ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಅಂತೆಲ್ಲ ಆಕಾಶವಾಣಿಯಲ್ಲಿ ಪಾಠ ಬರುತ್ತಿದ್ದಾಗ ಇಡೀ ಕ್ಲಾಸು ರೇಡಿಯೋ ಸುತ್ತ ಕೂತು ಕೇಳುತ್ತಿತ್ತು. ಈಗಿನವರಿಗೆ ಬಂದಿರುವ ಕಷ್ಟ ಬೇರೆ. ಇವರು ಮಾತಾಡಬೇಕು.

ಮಾತಾಡುವುದೇನು ಮಹಾ ಅಂದುಕೊಂಡಿದ್ದೆ. ಮನೆಯಲ್ಲಿ ಬಾಯಿ ಮುಚ್ಚಿಸೋಕೆ ಆಗದ ಹುಡುಗಿ ಅದು. ಆದರೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರುವಾದ ತಕ್ಷಣ ಅವಳ ಕನ್ನಡಕ್ಕೆ ಇಸ್ತ್ರಿ ಬಿದ್ದುಬಿಡುತ್ತಿತ್ತು. “ಆತ್ಮೀಯ ಕೇಳುಗರೇ” ಅಂತ ಹೊರಟರೆ ಎರಡನೇ ಸಾಲಿಗೆ ಉಸಿರು ಖಾಲಿ. ಕ್ಲಾಸಿನಲ್ಲಿ ಮಾಡಿದರೆ ಗೋಡೆಗಳು ಮಾತನ್ನು ವಾಪಸ್ ಎಸೆಯುತ್ತವೆ. ಮನೆಯಲ್ಲಿ ಮಾಡಿದರೆ ಸರಿಯಾಗಿ ಮುಖ್ಯವಾದ ಮಾತಿಗೇ ಕುಕ್ಕರ್ ಕೂಗುತ್ತದೆ. ಕೊನೆಗೆ ಬಟ್ಟೆ ಬೀರುವಿನ ಎರಡೂ ಬಾಗಿಲು ತೆಗೆದು, ಅಮ್ಮನ ಸೀರೆಗಳ ಮಧ್ಯೆ ತಲೆ ತೂರಿಸಿ ಮಾತಾಡಿದರು. ಸೀರೆಗಳು ಪ್ರತಿಧ್ವನಿ ನುಂಗಿಕೊಂಡವು. ಆದರೂ ‘ಪಾಲಕ್’ ಅಂದಾಗಲೆಲ್ಲ ‘ಪ’ ಮೈಕಿಗೆ ಹೋಗಿ ಪಟ್ ಅಂತ ಬಡಿಯುತ್ತಿತ್ತು. ಒಬ್ಬ ಹುಡುಗ ಬಾಯಿ ಮುಂದೆ ಪೆನ್ಸಿಲ್ ಅಡ್ಡ ಹಿಡಿಯೋ ಉಪಾಯ ಕಂಡುಕೊಂಡು ಬಂದ. ಪರವಾಗಿಲ್ಲ, ಗಾಳಿ ಎರಡು ಭಾಗವಾಗಿ ಹೋಯಿತು. ಇನ್ನೊಬ್ಬಳ ಸಲಹೆ ಇನ್ನೂ ಸುಲಭದ್ದು. “ಪಾಲಕ್ ಬಿಟ್ಟು ದಂಟು ಅನ್ನೋಣ ಕಣೇ.”

ಇದು ಬೇಜಾರಾದಾಗ “ಗಿಡಕ್ಕೆ ನೀರು ಹಾಕ್ಬೇಕು ಮಾವ” ಅಂತ ಓಟ. ತೋಟದಲ್ಲಿ ಕಳೆ ಕೀಳೋ ಹೊತ್ತಿಗೆ ಬೆನ್ನು ನೋಯತೊಡಗಿದರೆ “ಸ್ಕ್ರಿಪ್ಟ್ ಬರೀಬೇಕು” ಅಂತ ಮನೆಗೆ. ನಾನು ಸುಮ್ನೆ ನೋಡುತ್ತ ಕೂತೆ. ಎರಡರ ಗಡಿಯಾರವೂ ಬೇರೆ ಅಲ್ವಾ? ರೇಡಿಯೋದಲ್ಲಿ ಹತ್ತು ನಿಮಿಷ ಅಂದರೆ ಹತ್ತೇ. ಅರ್ಧ ನಿಮಿಷ ಜಾಸ್ತಿಯಾದರೂ ಯಾರದಾದರೂ ಮಾತಿಗೆ ಕತ್ತರಿ, ಆಮೇಲೆ ಅವರದು ಮುನಿಸು. ಮೆಂತ್ಯಕ್ಕೆ ಹಾಗಲ್ಲ. ನಾಲ್ಕೈದು ದಿನಕ್ಕೆ ಮೊಳಕೆ ಬರುತ್ತದೆ, ತಿಂಗಳ ಹೊತ್ತಿಗೆ ಕೀಳಬಹುದು. ಪ್ರಾಜೆಕ್ಟಿನ ಕೊನೇ ದಿನಾಂಕ ಯಾವುದು ಅಂತ ಅದು ಕೇಳುವುದಿಲ್ಲ. ಮಕ್ಕಳಿಗೆ ಇದು ಸಲೀಸು. ಆ ಗಡಿಯಾರ ಕತ್ತು ಹಿಡಿದಾಗ ಈ ಗಡಿಯಾರಕ್ಕೆ ಹಾರುತ್ತಾರೆ.

ದೊಡ್ಡವರೂ ಈ ಆಟ ಆಡಿದ್ದಾರೆ. ನಮ್ಮ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಅವರ ಕೆಲಸ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುವುದು. ಆದರೆ 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಅಲ್ಲೇ. ಕೆಲವು ವರ್ಷದ ಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಹಗಲು ಪಾಠ, ಉಳಿದ ಹೊತ್ತು ಪ್ರಸಾರ. ಅವರನ್ನು ಯಾರಾದರೂ “ಮೊದಲು ಒಂದು ಕೆಲಸ ನೆಟ್ಟಗೆ ಮಾಡ್ರೀ” ಅಂದಿದ್ದರೋ ಏನೋ. ಅಂದಿದ್ದರೂ ಪುಣ್ಯಕ್ಕೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಮಕ್ಕಳ ಲೆಕ್ಕಾಚಾರ ಭಾರಿ ಇತ್ತು. ಕಾರ್ಯಕ್ರಮದ ಕೊನೆಗೆ “ಶನಿವಾರ ಸಂತೆ, ಎಲ್ಲರೂ ಬನ್ನಿ” ಅಂತ ಕೂಗಿಬಿಟ್ಟರೆ ರೇಡಿಯೋ ಕೇಳಿ ಊರಿಗೆ ಊರೇ ಬರುತ್ತದೆ ಅಂತ. ಸಮುದಾಯ ರೇಡಿಯೋ ತಲುಪುವುದೇ ಸುಮಾರು ಹತ್ತು ಹದಿನೈದು ಕಿಲೋಮೀಟರ್. ನಮ್ಮ ಸಂತೆಗೆ ಅಷ್ಟು ಸಾಕೋ ಸಾಕು. ಆದರೆ ಪ್ರಸಾರದ ದಿನ ಗೊತ್ತಾದಾಗ ಎಲ್ಲರ ಮುಖ ಬಾಡಿತು. ಸಂತೆ ಶನಿವಾರ, ಪ್ರಸಾರ ಆಮೇಲಿನ ಮಂಗಳವಾರ! ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದ ಹಾಗೆ.

ಅರ್ಧ ದಿನ ಜಗಳವಾಡಿ, ಕರೆಯುವ ಮಾತು ಕೈಬಿಟ್ಟು ಸಂತೆಯನ್ನೇ ರೆಕಾರ್ಡ್ ಮಾಡುವುದು ಅಂತ ತೀರ್ಮಾನಿಸಿದರು. ‘ಆತ್ಮೀಯ ಕೇಳುಗರೇ’ ಕಸದ ಬುಟ್ಟಿ ಸೇರಿತು. ಶನಿವಾರ ಒಬ್ಬಳು ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದರೆ ಇನ್ನೊಬ್ಬ ಮೊಬೈಲ್ ಹಿಡಿದು ನಿಂತಿದ್ದ. ಆಗ ಬಂದರು ಮೂರನೇ ಮನೆಯ ಅಜ್ಜಿ.

“ಕಟ್ಟು ಎಷ್ಟಮ್ಮ?”

“ಹತ್ತು ರೂಪಾಯಿ ಅಜ್ಜಿ. ಬೇಲಿ ಹಾಕ್ಸೋಕೆ.”

“ಬೇಲಿ ವಿಷಯ ಆಮೇಲೆ. ಸೊಪ್ಪಿಗೆ ಎಷ್ಟು ಹೇಳು. ಎರಡು ತಗೊಂಡ್ರೆ ಹದಿನೈದಕ್ಕೆ ಕೊಡ್ತೀಯಾ?”

“ಆಗಲ್ಲ ಅಜ್ಜಿ, ಹೋದ ಸಲ ದನ ಪೂರ್ತಿ ಫ್ರೀಯಾಗಿ ತಿಂದ್ಕೊಂಡು ಹೋಯ್ತು.”

“ದನಕ್ಕೆ ಫ್ರೀ, ನನಗೆ ಹತ್ತು ರೂಪಾಯಾ?”

ಇದಿಷ್ಟೂ ಮೊಬೈಲಿಗೆ ಇಳಿಯಿತು. ಸ್ಕೂಟರ್ ಹಾರ್ನ್, ಪಕ್ಕದ ಮೇಜಿನ ಮಜ್ಜಿಗೆಯವನ ಕೂಗು ಎಲ್ಲವೂ ಇತ್ತು. ಮಂಗಳವಾರ ಮನೆಯವರೆಲ್ಲ ಕೂತು ಕೇಳಿದೆವು. ಬೀರುವಿನೊಳಗೆ ಮಾತಾಡಿದ ಭಾಗ ಯಾರಿಗೂ ನೆನಪಿಲ್ಲ. ಅಜ್ಜಿಯ ಮಾತು ಮಾತ್ರ ಬೀದಿಯವರ ಬಾಯಲ್ಲೆಲ್ಲ ಓಡಾಡುತ್ತಿದೆ. ಬೇಲಿಗೆ ಬೇಕಾದ ದುಡ್ಡಿನಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಸೇರಿದೆ, ಸದ್ಯಕ್ಕೆ ರಸ್ತೆಯ ಕಡೆಗೆ ಮಾತ್ರ ಹಾಕಿಸುತ್ತಾರಂತೆ. ಇನ್ನೊಂದು ಸಂತೆ ಮಾಡಬೇಕು. ಅದಕ್ಕೆ ತಪ್ಪದೆ ಬರುವುದಾಗಿ ಅಜ್ಜಿ ಮಾತು ಕೊಟ್ಟಿದ್ದಾರೆ. ಆದರೆ ತನ್ನ ದನಿ ರೇಡಿಯೋದಲ್ಲಿ ಹಾಕಿದ್ದಕ್ಕೆ ಒಂದು ಕಟ್ಟು ಮೆಂತ್ಯ ಬಾಕಿ ಇದೆ, ಅದನ್ನು ಮೊದಲು ಚುಕ್ತಾ ಮಾಡಿ ಅಂತ ಪಟ್ಟು ಹಿಡಿದಿದ್ದಾರೆ.