ಕೈಗೆ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡ್ತಾರಾ?

ಹಳ್ಳಿಯ ಬಡವರ ಕೈಗೆ ನೇರವಾಗಿ ಹಣ ಕೊಟ್ಟರೆ ಕುಡಿದು ಮುಗಿಸುತ್ತಾರೆ ಅನ್ನೋ ಮಾತು ಪ್ರತಿ ಸಲ ಬರುತ್ತದೆ, ಅಲ್ವಾ? ಕೀನ್ಯಾದ ಹಳ್ಳಿಗಳಲ್ಲಿ ಗಿವ್‌ಡೈರೆಕ್ಟ್ಲಿ ಅನ್ನೋ ದತ್ತಿ ಸಂಸ್ಥೆ ಬಡವರ ಮೊಬೈಲ್ ಖಾತೆಗೆ ನೇರವಾಗಿ ಹಣ ಹಾಕಿದಾಗ 2011ರಿಂದ 2013ರವರೆಗೆ ಸಂಶೋಧಕರು ಇದನ್ನೇ ಅಳೆದು ನೋಡಿದರು. ಕುಡಿತ, ತಂಬಾಕಿನ ಖರ್ಚು ಜಾಸ್ತಿ ಆಗಲಿಲ್ಲ. ಜನ ದನ ಕೊಂಡರು, ಹುಲ್ಲಿನ ಮಾಡು ತೆಗೆದು ತಗಡು ಹಾಕಿಸಿದರು. ತಗಡು ಸುಮ್ನೆ ಶೋಕಿಗೆ ಅಂದುಕೊಳ್ಳಬೇಡಿ, ಹುಲ್ಲನ್ನು ಮತ್ತೆ ಮತ್ತೆ ಹೊದಿಸುವ ಖರ್ಚು ಉಳಿಯುತ್ತದೆ, ಮಳೆ ಬಂದಾಗ ರಾತ್ರಿಯೆಲ್ಲಾ ಪಾತ್ರೆ ಇಟ್ಟುಕೊಂಡು ಕೂರೋದು ತಪ್ಪುತ್ತದೆ. ತಿಂಗಳು ತಿಂಗಳು ಹಣ ಸಿಕ್ಕ ಮನೆಗಳಲ್ಲಿ ಊಟಕ್ಕೆ ತತ್ವಾರ ಕಡಿಮೆಯಾಯಿತು, ಒಟ್ಟಿಗೆ ಸಿಕ್ಕವರು ದೊಡ್ಡ ವಸ್ತು ಕೊಂಡರು. (ಬೋನಸ್ ಬಂದಾಗ ನಾವು ಮಾಡೋದೂ ಅದೇ ತಾನೆ!)

ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ಕೈಯಲ್ಲಿ ನಾಲ್ಕು ಕಾಸಿದ್ದರೆ ಕೊಯ್ಲಾದ ವಾರವೇ ಬೆಳೆಯನ್ನು ಸಿಕ್ಕ ಬೆಲೆಗೆ ಮಾರಬೇಕಿಲ್ಲ, ಯಾರಿಗೋ ಜ್ವರ ಬಂತು ಅಂತ ಹಾಲು ಕೊಡೋ ಹಸುವನ್ನು ಕಳೆದುಕೊಳ್ಳಬೇಕಿಲ್ಲ. ಹಾಗಂತ, ಹಣ ಕೊಟ್ಟಿದ್ದೀವಲ್ಲ ಅಂತ ಆಸ್ಪತ್ರೆ, ಶಾಲೆಗೆ ಕತ್ತರಿ ಹಾಕಿದರೆ ನಾನಂತೂ ಒಪ್ಪುವುದಿಲ್ಲ.