ಬ್ಯಾಟರಿ ನೀರಿನ ಕರ್ಣ

ಬ್ಲ್ಯಾಂಕ್ ಕೆಂಪಾಯಿತು. ನೀರಿನ ಪ್ರಯೋಗಾಲಯದಲ್ಲಿ ದುಡಿದವರಿಗೆ ಇಷ್ಟು ಹೇಳಿದರೆ ಸಾಕು, ಮರುಮಾತಿಲ್ಲದೆ ಕುರ್ಚಿ ಎಳೆದುಕೊಟ್ಟು ಕಾಫಿ ತರಿಸುತ್ತಾರೆ. ಉಳಿದವರಿಗೆ ಬಿಡಿಸಿ ಹೇಳಬೇಕು. ನೀರಿನ ಗಡಸುತನ ಅಳೆಯುವಾಗ ಅದಕ್ಕೆ ಮೂಗು ಸುಡುವ ಅಮೋನಿಯಾ ಬಫರ್ ಬೆರೆಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಕಪ್ಪು ಪುಡಿಯನ್ನು ಚಿಟಿಕೆಯಷ್ಟು ಹಾಕುತ್ತೇವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ನೀರು ಕೆಂಪಾಗುತ್ತದೆ. ಬ್ಯೂರೆಟ್‌ನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ತಟಕ್ಕನೆ ನೀಲಿಗೆ ತಿರುಗುತ್ತದೆ. ಇದೇ ಪರೀಕ್ಷೆಯನ್ನು ಏನೂ ಇಲ್ಲದ ಡಿಸ್ಟಿಲ್ಡ್ ವಾಟರ್ ಮೇಲೆ ಮಾಡಿದರೆ ಅದು ಬ್ಲ್ಯಾಂಕ್. ಅಲ್ಲಿ ಕೆಂಪಾಗಲು ಏನೂ ಇರುವುದಿಲ್ಲವಾದ್ದರಿಂದ ಅದು ಹುಟ್ಟಾ ನೀಲಿಯಾಗಿಯೇ ಇರಬೇಕು. ಈ ಸೋಮವಾರ ಬೆಳಿಗ್ಗೆ ನಮ್ಮ ಬ್ಲ್ಯಾಂಕ್ ಮದುವೆ ಮನೆಯ ರೇಷ್ಮೆ ಸೀರೆಯಷ್ಟು ಕೆಂಪಾಗಿ ಕುಳಿತಿತ್ತು.

ಕೂಡಲೇ ನನಗೆ ಅಪರಾಧಿ ಯಾರೆಂದು ತಿಳಿಯಿತು. ನಮ್ಮಲ್ಲಿ ಒಬ್ಬರು ಹಿರಿಯ ಸಹೋದ್ಯೋಗಿ ಇದ್ದಾರೆ. ಅವರ ಹೆಸರು ಬೇಡ. ಮನಸ್ಸಿನಲ್ಲಿ ನಾನು ಅವರನ್ನು ಕರ್ಣ ಎಂದೇ ಕರೆಯುವುದು. ಮಹಾಭಾರತದ ಕರ್ಣ ತನ್ನ ಮೈಮೇಲಿನ ಕವಚವನ್ನು ಕಿತ್ತು ಕೊಟ್ಟ. ನಮ್ಮ ಕರ್ಣ ಕೊಡುವುದು ಪ್ರಯೋಗಾಲಯದ ಡಿಸ್ಟಿಲ್ಡ್ ವಾಟರ್. ಕೋಲಾರದಲ್ಲಿ ಯಾರ ಮನೆಯ ಇನ್ವರ್ಟರ್ ಕುಂಯ್ಗುಟ್ಟಿದರೂ ಆ ಮನೆಯವರು ಬ್ಯಾಟರಿ ಅಂಗಡಿಗೆ ಹೋಗುವುದಿಲ್ಲ, ಖಾಲಿ ಕ್ಯಾನು ಹಿಡಿದು ನಮ್ಮ ಹಿಂಬಾಗಿಲಿಗೆ ಬರುತ್ತಾರೆ. 'ಸಾರ್, ಒಂದು ಐದು ಲೀಟರ್ ಬ್ಯಾಟರಿ ನೀರು.' ಕರ್ಣ ಇಲ್ಲ ಎಂದದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೆಚ್ಚಾದಂತೆ ಹಿಂಬಾಗಿಲಿನ ಜನಸಂದಣಿಯೂ ಹೆಚ್ಚುತ್ತದೆ.

ಇದುವರೆಗೆ ಕೊಟ್ಟು ಕೊಟ್ಟು ಕ್ಯಾನು ಖಾಲಿಯಾಗುತ್ತಿತ್ತು, ನಾನು ಬೈದುಕೊಳ್ಳುತ್ತಾ ಮತ್ತೆ ಇಳಿಸುತ್ತಿದ್ದೆ. ಈ ಬಾರಿ ಕರ್ಣರಿಗೆ ನನ್ನ ಮೇಲೆ ಕರುಣೆ ಬಂದಿದೆ. ಶನಿವಾರ ಸಂಜೆ ಯಾರಿಗೋ ಇದ್ದಬದ್ದ ನೀರನ್ನೆಲ್ಲ ದಾನ ಮಾಡಿದ ಮೇಲೆ, ಸೋಮವಾರ ಖಾಲಿ ಕ್ಯಾನು ನೋಡಿ ನಾನು ಬೇಸರಪಟ್ಟುಕೊಳ್ಳಬಾರದೆಂದು ಅದನ್ನು ನಲ್ಲಿಯ ನೀರಿನಿಂದ ತುಂಬಿಸಿ ಇಟ್ಟಿದ್ದಾರೆ! ಕೇಳಿದರೆ, 'ಖಾಲಿ ಇರಬಾರದು ಮೇಡಂ, ಬೆಳಿಗ್ಗೆ ಬಂದ ಕೂಡಲೇ ಖಾಲಿ ಪಾತ್ರೆ ನೋಡುವುದು ಅಪಶಕುನ' ಎಂದರು. ಆ ನೀರಿನಲ್ಲೇ ನಾನು ಇಡಿಟಿಎ ಮಾಡಿದ್ದೆ. ಲೀಟರಿಗೆ 3.723 ಗ್ರಾಂ, ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ತೂಗಿದ್ದು. ಗಾಜಿನ ಸಾಮಾನಿಗೆಲ್ಲ ಕೊನೆಯ ಜಾಲಾಟವೂ ಅದರಲ್ಲೇ. ಮಧ್ಯಾಹ್ನದವರೆಗಿನ ಕೆಲಸವನ್ನೆಲ್ಲ ಸಿಂಕಿಗೆ ಸುರಿದೆ. ಅಮೋನಿಯಾ ವಾಸನೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಎಲ್ಲರಿಗೂ ಹೇಳಿದೆ.

ಹೊರಗಿನವರಿಗೆ ಈ ನೀರು ಹೇಗೆ ಬರುತ್ತದೆ ಎಂಬ ಕಲ್ಪನೆಯೇ ಇಲ್ಲ. ಕಾಯಿಸಬೇಕು, ಆವಿಯನ್ನು ತಣಿಸಬೇಕು, ತೊಟ್ಟಿಕ್ಕುವುದನ್ನು ಹಿಡಿಯಬೇಕು. ಒಂದು ಲೀಟರ್ ಇಳಿಸಲು ಬರೀ ತಣಿಸುವುದಕ್ಕೇ ಹತ್ತು ಲೀಟರಿಗೂ ಹೆಚ್ಚು ನೀರು ಹರಿದುಹೋಗುತ್ತದೆ. ಅದೂ ಎಲ್ಲಿ? ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ, ಸಾವಿರ ಅಡಿ ಕೊರೆದರೂ ಬರೀ ದೂಳೇ ಏಳುವ ಬೋರ್‌ವೆಲ್‌ಗಳಿರುವ ಜಿಲ್ಲೆಯಲ್ಲಿ. ಹರಿದ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸುತ್ತೇವೆ, ಗಾಜು ತೊಳೆಯುತ್ತೇವೆ, ಮುಂಬಾಗಿಲ ನಂದಿಬಟ್ಟಲು ಗಿಡಕ್ಕೆ ಹಾಕುತ್ತೇವೆ. ಆದರೂ ನಲ್ಲಿ ತಿರುಗಿಸುವಾಗ ಹೊಟ್ಟೆ ಉರಿಯುತ್ತದೆ. ಇನ್ನು ನಮ್ಮ ನೀರಿನ ಗಡಸುತನಕ್ಕೆ ಯಂತ್ರದ ಕಾಯಿಲ್ ಮೇಲೆ ಸುಣ್ಣದ ಕವಚವೇ ಬೆಳೆಯುತ್ತದೆ (ಕರ್ಣನಿರುವಲ್ಲಿ ಕವಚವಿರಲೇಬೇಕಲ್ಲವೇ). ಅದನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬುಸಬುಸ ಎನ್ನಿಸಿ ಬಿಡಿಸುವವಳು ನಾನು. ನನ್ನ ಯಾವ ಚೂಡಿದಾರದ ದುಪಟ್ಟಾವನ್ನು ಬೆಳಕಿಗೆ ಹಿಡಿದರೂ ನಕ್ಷತ್ರಗಳು ಕಾಣುತ್ತವೆ. ಬಿಳಿ ಕೋಟು ಎಲ್ಲಿ ಎಂದು ಕೇಳಬೇಡಿ, ಅದಕ್ಕೆ ದುಪಟ್ಟಾಕ್ಕಿಂತ ಹೆಚ್ಚು ತೂತುಗಳಿವೆ.

ಬರೀ ಬ್ಯಾಟರಿಯವರೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕರ್ಣರ ಕೀರ್ತಿ ಹರಡಿದಂತೆ ಯಾಚಕರ ಬಗೆಯೂ ಬೆಳೆಯಿತು. ಇಸ್ತ್ರಿ ಪೆಟ್ಟಿಗೆಯ ಹಬೆಗೆ ಬೇಕು ಎಂದು ಒಬ್ಬರು, ಬ್ಯೂಟಿ ಪಾರ್ಲರಿನಲ್ಲಿ ಮುಖಕ್ಕೆ ಹಬೆ ಹಿಡಿಸಲು ಎಂದು ಇನ್ನೊಬ್ಬರು, ವಿಜ್ಞಾನ ಪ್ರದರ್ಶನಕ್ಕೆ ಎಂದು ಹೈಸ್ಕೂಲಿನ ಹುಡುಗರು. ಹುಡುಗರಿಗೆ ನಾನೇ ಕೊಟ್ಟೆ. ಒಮ್ಮೆಯಂತೂ ಬ್ಯಾಟರಿ ಅಂಗಡಿಯವರೇ ಕ್ಯಾನು ಹಿಡಿದು ಬಂದರು. ಸ್ಟಾಕ್ ಮುಗಿದಿತ್ತಂತೆ.

ಇವರೆಲ್ಲರಿಗೂ ಕಿರೀಟವಿಟ್ಟಂತೆ ಬಂದವರು ನಿವೃತ್ತ ಮೇಷ್ಟ್ರೊಬ್ಬರು. ಅವರ ತೋಟದ ಬೋರ್‌ವೆಲ್ ನೀರನ್ನು ನಾನೇ ಪರೀಕ್ಷೆ ಮಾಡಿದ್ದೆ. ಫ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ. ಭಾರತೀಯ ಮಾನಕದ ಪ್ರಕಾರ 1 ಇದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ 1.5ರವರೆಗೆ ಸರಿ. ಹಾಗಾಗಿ ಕುಡಿಯಲು ಯೋಗ್ಯವಲ್ಲ ಎಂದು ವರದಿ ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಓದಿ, 'ಹಾಗಾದರೆ ನಿಮ್ಮ ದೃಷ್ಟಿಯಲ್ಲಿ ಶುದ್ಧ ನೀರು ಯಾವುದಮ್ಮ?' ಎಂದು ಕೇಳಿದರು. ನಾನು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಕರ್ಣರು, 'ಶುದ್ಧ ಎಂದರೆ ಇದು ಮೇಷ್ಟ್ರೇ!' ಎಂದು ಕ್ಯಾನು ಎತ್ತಿಕೊಂಡೇ ಬಂದರು.

ಒಂದು ವಾರದ ನಂತರ ಮೇಷ್ಟ್ರು ಮತ್ತೆ ಬಂದರು, ಮುಖ ಹುಳ್ಳಗೆ. ಕುಡಿದ ನೀರಿಗೆ ರುಚಿಯೇ ಇಲ್ಲವಂತೆ. ಚಹಾ ಚಹಾದಂತಿಲ್ಲ, ಬೇಳೆ ಮಾತ್ರ ಬೇಗ ಬೆಂದಿತು ಎಂದು ಮನೆಯವರು ಹೇಳಿದರಂತೆ. 'ಇದರಲ್ಲಿ ಏನೋ ಇದೆ, ಪರೀಕ್ಷೆ ಮಾಡಿ' ಎಂದು ನಮ್ಮದೇ ನೀರನ್ನು ನಮ್ಮ ಮೇಜಿನ ಮೇಲಿಟ್ಟು, ಶುಲ್ಕ ಕಟ್ಟಿ ರಸೀದಿ ಪಡೆದರು. ಶುಲ್ಕ ಕಟ್ಟಿದ ಮೇಲೆ ಮಾದರಿ ಮಾದರಿಯೇ. ಅದಕ್ಕೆ ಸಂಖ್ಯೆ ಬಿತ್ತು, ದಾಖಲೆ ಪುಸ್ತಕಕ್ಕೆ ಏರಿತು, ನಾನು ಪರೀಕ್ಷೆಗೆ ಕುಳಿತೆ.

ಗಡಸುತನ ಇಲ್ಲ. ಫ್ಲೋರೈಡ್ ಇಲ್ಲ. ನೈಟ್ರೇಟ್ ಇಲ್ಲ. ಕ್ಲೋರೈಡ್ ಇಲ್ಲ. ಕೊನೆಗೆ ಪಿಎಚ್ ನೋಡಿದೆ: 5.8. ಇದರಲ್ಲಿ ಆಶ್ಚರ್ಯವೇನಿಲ್ಲ. ಡಿಸ್ಟಿಲ್ಡ್ ವಾಟರ್ ಗಾಳಿಗೆ ತೆರೆದುಕೊಂಡರೆ ಕಾರ್ಬನ್ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ, ಎದುರು ನಿಂತು ತಡೆಯಲು ಅದರಲ್ಲಿ ಯಾವ ಲವಣವೂ ಇರುವುದಿಲ್ಲ. ಆದರೆ ಕುಡಿಯುವ ನೀರಿನ ಮಾನಕ ಕೇಳುವುದು 6.5ರಿಂದ 8.5. ಕೋಲಾರ ಜಿಲ್ಲೆಯ ಅತ್ಯಂತ ಶುದ್ಧವಾದ ನೀರು, ನಾನೇ ಇಳಿಸಿದ ನೀರು, ಮಾನಕದಲ್ಲಿ ಅನುತ್ತೀರ್ಣವಾಗಿತ್ತು. ನಿಯಮದಂತೆ ಷರಾ ಬರೆದೆ: 'ಕುಡಿಯಲು ಯೋಗ್ಯವಲ್ಲ.' ವರದಿಯನ್ನು ಪರಿಶೀಲಿಸಿ ಸಹಿ ಹಾಕಬೇಕಾದವರು ಕರ್ಣರು. ಹಾಕಿದರು. ಅವರು ಓದಿ ಸಹಿ ಹಾಕುವವರಲ್ಲ.

ಮೇಷ್ಟ್ರು ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಉತ್ತರ ಪತ್ರಿಕೆ ತಿದ್ದುವ ಗಾಂಭೀರ್ಯದಿಂದ ನೋಡಿದರು. 'ನಮ್ಮ ಬೋರಿನ ನೀರು ಫ್ಲೋರೈಡಿನಲ್ಲಿ ಫೇಲು. ನಿಮ್ಮ ನೀರು ಪಿಎಚ್‌ನಲ್ಲಿ ಫೇಲು. ಇಬ್ಬರೂ ಒಂದೊಂದು ವಿಷಯ ಬಿಟ್ಟಿದ್ದಾರೆ. ಆದರೆ ನಮ್ಮದಕ್ಕೆ ರುಚಿಯಾದರೂ ಇದೆ' ಎಂದು ತೀರ್ಪು ಕೊಟ್ಟು ಹೊರಟೇಬಿಟ್ಟರು. ನಾನು ಮೆಟ್ಟಿಲಿಳಿದು ಅವರ ಸ್ಕೂಟರಿನವರೆಗೂ ಹೋಗಿ, ಪಿಎಚ್ ಕಡಿಮೆಯಾಗುವುದಕ್ಕೂ ಫ್ಲೋರೈಡ್ ಹೆಚ್ಚಾಗುವುದಕ್ಕೂ ಇರುವ ವ್ಯತ್ಯಾಸವನ್ನು, ಘಟಕದ ನೀರನ್ನೇ ಏಕೆ ಕುಡಿಯಬೇಕೆಂಬುದನ್ನು ವಿವರಿಸಿದೆ. ಹೆಲ್ಮೆಟ್ ಒಳಗಿನಿಂದ ತಲೆಯಾಡಿಸಿದರು. ಎಷ್ಟು ಕೇಳಿಸಿತೋ.

ಫ್ಲೋರೈಡಿನ ಮಾತು ಬಂದಾಗ ನನ್ನ ಹಾಸ್ಯವೆಲ್ಲ ತುಸು ಹೊತ್ತು ಹಿಂದೆ ಸರಿಯುತ್ತದೆ. ಹಳ್ಳಿಯಿಂದ ತಾಯಂದಿರು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ನೀರು ತರುತ್ತಾರೆ, ಜೊತೆಗೆ ಶಾಲೆಗೆ ಹೋಗುವ ಮಗು. ಮಗು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟಿ. ವರದಿ ನನ್ನ ಕೈಯಲ್ಲಿ ಆಗಲೇ ಸಿದ್ಧವಾದಂತೆ ಅನ್ನಿಸುತ್ತದೆ. 'ಕಾಯಿಸಿ ಆರಿಸಿ ಕುಡಿದರೆ ಹೋಗುತ್ತದೆಯೇ ಅಕ್ಕಾ?' ಎಂದು ಕೇಳುತ್ತಾರೆ. ಹೋಗುವುದಿಲ್ಲ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಮೂಡಿಬಿಟ್ಟ ಕಂದು ಪಟ್ಟಿಯೂ ನೀರು ಬದಲಾಯಿಸಿದ ಮಾತ್ರಕ್ಕೆ ಮಾಸುವುದಿಲ್ಲ. ನಾನು ಕೊಡಬಹುದಾದದ್ದು ದಶಾಂಶ ಬಿಂದುವಿನ ಒಂದು ಸಂಖ್ಯೆಯನ್ನು ಮಾತ್ರ. ಅದನ್ನಾದರೂ ಸರಿಯಾಗಿ ಕೊಡಬೇಕಲ್ಲ ಎಂಬುದಕ್ಕೇ ಬ್ಲ್ಯಾಂಕ್ ಕೆಂಪಾದಾಗ ನನ್ನ ಮುಖವೂ ಕೆಂಪಾಗುವುದು. ಕರ್ಣರಿಗೆ ಇದನ್ನು ಹೇಳಿದೆ. ಅವರ ಕಣ್ಣು ಒದ್ದೆಯಾಯಿತು. ಅಂದು ಸಂಜೆ ಮತ್ತೆ ಯಾರಿಗೋ ಐದು ಲೀಟರ್ ಕೊಟ್ಟರು.

ಈ ಕೆಲಸದ ಬಗ್ಗೆ ಊರಿನವರಿಗಿರುವ ತಿಳಿವಳಿಕೆಯೂ ಅಷ್ಟಕ್ಕಷ್ಟೇ. ಲ್ಯಾಬ್ ಎಂದ ಕೂಡಲೇ ತೋಳು ಮಡಚಿ ರಕ್ತ ಕೊಡಲು ಸಿದ್ಧರಾಗುತ್ತಾರೆ. ನೀರು ಎಂದು ತಿದ್ದಿದರೆ, 'ಹಾಗಾದರೆ ನಮ್ಮ ಜಮೀನಿಗೆ ಬಂದು ಬೋರ್‌ವೆಲ್‌ಗೆ ಒಂದು ಪಾಯಿಂಟ್ ಮಾಡಿಕೊಡು' ಎನ್ನುತ್ತಾರೆ ಸೋದರಮಾವ. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಬೇಕು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರತೊಡಗಿದ ಮೇಲೆ ಮದುವೆ, ನಾಮಕರಣ, ತಿಥಿ ಯಾವುದಕ್ಕೆ ಹೋದರೂ ನನಗೆ ಊಟವಿಲ್ಲ. ಎಲೆಯ ಮುಂದೆ ಕೂರಿಸಿಕೊಂಡು ವಿಚಾರಣೆ. ಅದು ಕುಡಿಯುವುದಕ್ಕಲ್ಲ, ಅಂತರ್ಜಲ ಹೆಚ್ಚಲಿ ಎಂದು ಕೆರೆ ತುಂಬಿಸುವುದಕ್ಕೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಪಾಯಸದವರು ಮುಂದಿನ ಸಾಲಿಗೆ ಹೋಗಿರುತ್ತಾರೆ.

ಕ್ಯಾನು ಕಾಯಲು ನಾನು ಮಾಡದ ಉಪಾಯವಿಲ್ಲ. ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ಇನ್ನೊಂದು ಬೀಗದ ಕೈ ಹಿರಿತನದ ಹಕ್ಕಿನಿಂದ ಕರ್ಣರ ಬಳಿ ಇತ್ತು. ತಲೆಬುರುಡೆಯ ಚಿತ್ರವಿರುವ 'ವಿಷ' ಎಂಬ ಚೀಟಿ ಅಂಟಿಸಿದೆ. ಮರುದಿನ ಹಿಂಬಾಗಿಲಲ್ಲಿ ಕರ್ಣರು ಯಾರಿಗೋ ಸಮಾಧಾನ ಹೇಳುತ್ತಿದ್ದರು, 'ಅದು ನಮ್ಮ ಮೇಡಂ ಸುಮ್ಮನೆ ಅಂಟಿಸಿದ್ದು, ಧೈರ್ಯವಾಗಿ ತೆಗೆದುಕೊಂಡು ಹೋಗಿ.' ಪ್ರಯೋಗಾಲಯದಲ್ಲಿ ಇದಕ್ಕಿಂತ ಅಪಾಯದ ಮಾತನ್ನು ನಾನು ಕೇಳಿಲ್ಲ. ಆ ಚೀಟಿಯನ್ನು ಆಗಲೇ ಕಿತ್ತುಹಾಕಿದೆ. ವಿಷದ ಚೀಟಿ ಸುಳ್ಳು ಹೇಳುತ್ತದೆ ಎಂದು ಊರಿಗೆ ಊರೇ ಕಲಿತುಬಿಟ್ಟರೆ, ನಾಳೆ ನಿಜವಾದ ವಿಷದ ಬಾಟಲಿಗೆ ಏನು ಅಂಟಿಸುವುದು?

ನಮ್ಮ ಮನೆಯ ಇನ್ವರ್ಟರಿಗೆ ಮಾತ್ರ ನಾನು ಅಂಗಡಿಯಿಂದಲೇ ನೀರು ತರುತ್ತೇನೆ, ಬಿಲ್ಲನ್ನೂ ಎತ್ತಿಡುತ್ತೇನೆ. ಅತ್ತೆಯವರಿಗೆ ಇದು ದೊಡ್ಡ ಅವಮಾನ. ಸೊಸೆ ಇಡೀ ದಿನ ಆ ನೀರನ್ನೇ ಇಳಿಸುತ್ತಾಳೆ, ಮನೆಗೆ ದುಡ್ಡು ಕೊಟ್ಟು ತರುತ್ತಾಳೆ ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಾರೆ. ನಿನ್ನೆ ಮನೆಗೆ ಹೋದರೆ ಇನ್ವರ್ಟರ್ ಪಕ್ಕದಲ್ಲಿ ತುಂಬಿದ ಕ್ಯಾನೊಂದು ಕುಳಿತಿತ್ತು. ಎಲ್ಲಿಯದು ಎಂದು ಕೇಳಿದೆ.

'ಮಾರ್ಕೆಟ್ಟಿಗೆ ಹೋದವಳು ಹಾಗೇ ನಿಮ್ಮ ಲ್ಯಾಬಿನ ಹಿಂಬಾಗಿಲಿಗೆ ಹೋಗಿದ್ದೆ' ಎಂದರು ಅತ್ತೆ. 'ಆ ಯಜಮಾನರು ಎಷ್ಟು ಒಳ್ಳೆಯವರು! ನಾನು ಯಾರೆಂದು ಕೂಡ ಕೇಳಲಿಲ್ಲ.'